ಸಲಿಂಗಪ್ರೇಮಿಗಳೂ ಗೃಹಸ್ಥಧರ್ಮವೂ

ಗೃಹಸ್ಥಾಶ್ರಮವೇ ಉಳಿದ ಆಶ್ರಮಗಳಿಗೆಲ್ಲ ಆಧಾರವೆಂದು ನಮ್ಮ ಹಿರಿಯರು ಹೇಳಿರುವರು. ಬ್ರಹ್ಮಚಾರಿಗೆ ಅನ್ನವೂ, ವಾನಪ್ರಸ್ಥನಿಗೆ ನೆರವೂ, ಸಂನ್ಯಾಸಿಗೆ ಭಿಕ್ಷೆಯೂ ಗೃಹಸ್ಥನ ಬಾಗಿಲಿನಿಂದಲೇ ದೊರೆಯತಕ್ಕವು. ಪರರಿಗೆ ಇಷ್ಟು ಆಸರೆಯಾಗಬೇಕಾದ ಮನೆಯು ತನ್ನಲ್ಲಿಯೇ ಹುಟ್ಟಿದ ಮಗುವಿಗೆ ಆಸರೆಯಾಗದೆ ಹೋದರೆ, ಅದಕ್ಕೆ ಗೃಹವೆಂಬ ಹೆಸರು ಹೇಗೆ ಸಲ್ಲುವುದು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸಲಿಂಗಪ್ರೇಮಿಗಳ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರಲ್ಲಿ ಬಿನ್ನವಿಸಬೇಕೆಂದು ಬಯಸುತ್ತೇನೆ.

“ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇಕೆ?” ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಮನೆಮಂದಿಯೆಲ್ಲ ಓದುವ ಪತ್ರಿಕೆಯಾದುದರಿಂದಲೇ ಇದು ಇಲ್ಲಿ ಸಲ್ಲುವುದೆಂದು ನನ್ನ ಉತ್ತರ. ಈ ಜನರು ಯಾವುದೋ ದ್ವೀಪಾಂತರದಿಂದ ಬಂದವರಲ್ಲ. ನಮ್ಮ ನಿಮ್ಮ ಮನೆಗಳಲ್ಲಿ, ಅದೇ ತೊಟ್ಟಿಲಲ್ಲಿ ಮಲಗಿ, ಅದೇ ಪಂಕ್ತಿಯಲ್ಲಿ ಉಂಡು, ಅದೇ ಶಾಲೆಯಲ್ಲಿ ಅಕ್ಷರ ಕಲಿತವರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದವನಿಗೆ ಇದನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ.

ಮೊದಲು ಶಬ್ದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಪುರುಷನಿಗೆ ಪುರುಷನಲ್ಲಿಯೂ, ಸ್ತ್ರೀಗೆ ಸ್ತ್ರೀಯಲ್ಲಿಯೂ, ಗಂಡಹೆಂಡಿರ ನಡುವೆ ಇರುವಂತಹ ಅನುರಾಗವು ಸ್ವಭಾವದಿಂದಲೇ ಹುಟ್ಟುವುದುಂಟು. ಅಂತಹ ಪುರುಷರನ್ನು ಈಗಿನವರು ‘ಗೇ’ ಎಂದೂ, ಸ್ತ್ರೀಯರನ್ನು ‘ಲೆಸ್ಬಿಯನ್’ ಎಂದೂ ಕರೆಯುವರು. ನಮ್ಮ ವೃತ್ತಪತ್ರಿಕೆಗಳಲ್ಲಿ ಬಳಕೆಯಾಗುವುದು ‘ಸಲಿಂಗಕಾಮಿ’ ಎಂಬ ಪದ. ವ್ಯಾಕರಣದಿಂದ ಅದಕ್ಕೆ ದೋಷವಿಲ್ಲ. ಆದರೆ ಔಚಿತ್ಯದಿಂದ ಉಂಟು. ನಲವತ್ತು ವರ್ಷ ಜೊತೆಯಾಗಿ ಬಾಳಿದ ಗಂಡಹೆಂಡಿರನ್ನು ನಾವು ‘ಭಿನ್ನಲಿಂಗಕಾಮಿಗಳು’ ಎನ್ನುವುದಿಲ್ಲ, ದಂಪತಿಗಳು ಎನ್ನುತ್ತೇವೆ. ಒಬ್ಬರ ಜ್ವರಕ್ಕೆ ಇನ್ನೊಬ್ಬರು ನಿದ್ದೆಗೆಡುವುದೂ, ಒಬ್ಬರ ತಾಯಿಯನ್ನು ಇನ್ನೊಬ್ಬರು ಆಸ್ಪತ್ರೆಗೆ ಕರೆದೊಯ್ಯುವುದೂ ಎಲ್ಲವನ್ನೂ ಬಿಟ್ಟು, ಕಾಮವೊಂದನ್ನೇ ಹೆಸರಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆದುದರಿಂದ ನಾನು ‘ಸಲಿಂಗಪ್ರೇಮಿ’ ಎಂಬ ಮಾತನ್ನೇ ಬಳಸುವೆನು.

ಇನ್ನೊಂದು ಭೇದವನ್ನೂ ನೆನಪಿನಲ್ಲಿಡತಕ್ಕದ್ದು. ಗಂಡಾಗಿ ಬೆಳೆಸಲ್ಪಟ್ಟರೂ ತಾನು ಹೆಣ್ಣೆಂದು, ಅಥವಾ ಹೆಣ್ಣಾಗಿ ಬೆಳೆಸಲ್ಪಟ್ಟರೂ ತಾನು ಗಂಡೆಂದು ಅಂತರಂಗದಲ್ಲಿ ಅರಿತವರು ಬೇರೆ. ಪದ್ಮಶ್ರೀ ಪ್ರಶಸ್ತಿ ಪಡೆದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನದಲ್ಲಿ ಕುಳಿತಿದ್ದ ಮಂಜಮ್ಮ ಜೋಗತಿಯವರನ್ನು ವಾಚಕರು ಬಲ್ಲರು. ಅವರಂತಹವರಿಗೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಪ್ರತ್ಯೇಕವಾಗಿ ಮನ್ನಣೆ ನೀಡಿತು. ‘ನಾನು ಯಾರು’ ಎಂಬುದು ಒಂದು ಪ್ರಶ್ನೆ. ‘ನನ್ನ ಮನಸ್ಸು ಯಾರಲ್ಲಿ ನೆಲೆಸುವುದು’ ಎಂಬುದು ಮತ್ತೊಂದು. ಈ ಲೇಖನವು ಎರಡನೆಯ ಪ್ರಶ್ನೆಗೆ ಸಂಬಂಧಪಟ್ಟುದು.

ಈ ವಿಷಯದಲ್ಲಿ ಗೃಹಸ್ಥರು ಸಾಮಾನ್ಯವಾಗಿ ಮೂರು ಆಕ್ಷೇಪಗಳನ್ನು ಎತ್ತುವರು. ಇದು ಪ್ರಕೃತಿಗೆ ವಿರುದ್ಧವೆಂಬುದು ಮೊದಲನೆಯದು. ನಮ್ಮ ನಾಡಿನದಲ್ಲ, ಪರದೇಶದಿಂದ ಬಂದುದೆಂಬುದು ಎರಡನೆಯದು. ಏನೇ ಆದರೂ ಮನೆತನದ ಮರ್ಯಾದೆಯೇನಾಗಬೇಕೆಂಬುದು ಮೂರನೆಯದು. ಒಂದೊಂದನ್ನೇ ವಿಚಾರಿಸೋಣ.

ಪ್ರಕೃತಿಯ ಮಾತನ್ನು ವೈದ್ಯರು ಬಹುಕಾಲ ವಿಮರ್ಶಿಸಿರುವರು. ಒಂದು ಕಾಲದಲ್ಲಿ ಪಾಶ್ಚಾತ್ಯ ವೈದ್ಯರೇ ಇದನ್ನು ರೋಗವೆಂದು ಎಣಿಸಿದ್ದುದು ನಿಜ. ಪರಿಶೀಲಿಸಿದಷ್ಟೂ ಆ ಎಣಿಕೆ ನಿಲ್ಲದೆ ಹೋಯಿತು. ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಹಾಗೆಯೇ ಮಾಡಿತು. ನಮ್ಮ ಭಾರತದ ಮನೋವೈದ್ಯರ ಸಂಘವೂ ಇದು ರೋಗವಲ್ಲವೆಂದು 2018ರಲ್ಲಿ ಬಹಿರಂಗವಾಗಿ ಸಾರಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ, ಒಬ್ಬನ ನಡತೆಯು ಸಮಾಜದ ನೈತಿಕ ಅಥವಾ ಮತೀಯ ನಂಬಿಕೆಗಳಿಗೆ ಹೊಂದುವುದಿಲ್ಲವೆಂಬ ಕಾರಣದಿಂದ ಅವನನ್ನು ಮನೋರೋಗಿಯೆಂದು ನಿರ್ಣಯಿಸಲಾಗದು. ‘ಗುಣಪಡಿಸುತ್ತೇವೆ’ ಎಂದು ಹೇಳಿಕೊಂಡು ಮದ್ದು, ಭಯ, ಬಲಾತ್ಕಾರಗಳನ್ನು ಪ್ರಯೋಗಿಸುವ ವೈದ್ಯನು ವೃತ್ತಿಧರ್ಮಕ್ಕೆ ದ್ರೋಹ ಮಾಡಿದವನೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ನಿಶ್ಚಯಿಸಿತು. ವೈದ್ಯರ ವಿಷಯದಲ್ಲಿಯೇ ಹೀಗಿರುವಾಗ, ತಾಯಿತ ಕಟ್ಟುವವರ, ದೆವ್ವ ಬಿಡಿಸುವವರ ಮಾತನ್ನು ಹೇಳಬೇಕಾದುದೇ ಇಲ್ಲ.

ಎಡಗೈಯಿಂದ ಬರೆಯುವ ಮಕ್ಕಳನ್ನು ಬೆರಳ ಗಿಣ್ಣಿಗೆ ಹೊಡೆದು ಬಲಗೈಗೆ ಒಗ್ಗಿಸುತ್ತಿದ್ದ ಕಾಲವೊಂದಿತ್ತು. ಕೆಲವರು ಒಗ್ಗಿದಂತೆ ತೋರಿದರು. ಅಕ್ಷರ ಕೆಟ್ಟಿತು, ಕೆಲವರಿಗೆ ಶಾಲೆಯೆಂದರೇ ಹೆದರಿಕೆಯಾಯಿತು. ಕೈಯೇನೋ ಎಡಗೈಯಾಗಿಯೇ ಉಳಿಯಿತು. ಸ್ವಭಾವವೆಂಬುದನ್ನು ಅಡಗಿಸಬಹುದು, ಬದಲಿಸಲಾಗದು. ಅಡಗಿಸುವ ಶ್ರಮವನ್ನೆಲ್ಲ ಮಗುವೇ ಹೊರಬೇಕಾಗುವುದು.

ಎರಡನೆಯ ಆಕ್ಷೇಪಕ್ಕೆ ಬರೋಣ. ಸಂಸ್ಕೃತವನ್ನು ಅಷ್ಟಿಷ್ಟು ಓದಿದವನಾದುದರಿಂದ ಇಲ್ಲಿ ಪಕ್ಷಪಾತವಿಲ್ಲದೆ ನುಡಿಯಬೇಕಾಗಿದೆ. ನಮ್ಮ ಪ್ರಾಚೀನರು ಇದನ್ನು ಅರಿಯರೆಂಬ ಮಾತು ಸುಳ್ಳು. ಅವರು ಇದನ್ನು ಕೊಂಡಾಡಿದರೆಂಬ ಮಾತೂ ಸುಳ್ಳು. ಹಿಂದೆ ಪಾಠಶಾಲೆಗಳಲ್ಲಿ ಬಾಲಕರು ಕಂಠಪಾಠ ಮಾಡುತ್ತಿದ್ದ ಅಮರಕೋಶದ ಮನುಷ್ಯವರ್ಗದಲ್ಲಿಯೇ ‘ತೃತೀಯಾಪ್ರಕೃತಿ’ ಎಂಬ ಶಬ್ದವಿರುವುದು. ವಾತ್ಸ್ಯಾಯನನೂ ಕಾಮಸೂತ್ರದಲ್ಲಿ ಅದೇ ಶಬ್ದವನ್ನು ಬಳಸಿ, ಅವರಲ್ಲಿ ಸ್ತ್ರೀರೂಪದವರೂ ಪುರುಷರೂಪದವರೂ ಇರುವರೆಂದು ವಿಂಗಡಿಸಿರುವನು. ಈಗಿನ ಸಲಿಂಗಪ್ರೇಮಿ ಎಂಬ ಪದಕ್ಕೂ ಅದಕ್ಕೂ ಅರ್ಥವು ಪೂರ್ತಿಯಾಗಿ ಹೊಂದುವುದಿಲ್ಲ. ಆದರೂ ಒಂದಂಶವು ಗಮನಾರ್ಹವಾದುದು: ಸ್ತ್ರೀಪುರುಷರೆಂಬ ಎರಡು ಬಗೆಗಳಿಗೆ ಹೊರತಾದವರಿಗೆ ಹೆಸರಿಡುವಾಗ ಆ ಪಂಡಿತರು ‘ವಿಕೃತಿ’ ಎನ್ನಲಿಲ್ಲ; ಅದೂ ಒಂದು ‘ಪ್ರಕೃತಿ’ಯೇ ಎಂದರು.

ಧರ್ಮಶಾಸ್ತ್ರಕಾರರು ಇಷ್ಟು ಉದಾರರಲ್ಲ. ಮನುಸ್ಮೃತಿಯು ಪುರುಷರ ಪರಸ್ಪರ ಸಂಗವನ್ನು ಪಾತಕಗಳಲ್ಲಿ ಎಣಿಸಿರುವುದು. ಆದರೆ ದ್ವಿಜನಿಗೆ ಅದು ವಿಧಿಸುವ ಪ್ರಾಯಶ್ಚಿತ್ತವು ಉಟ್ಟ ಬಟ್ಟೆಯೊಡನೆ ಸ್ನಾನ ಮಾಡುವುದು. ಹಗಲಿನಲ್ಲಿ ಸ್ತ್ರೀಸಂಗ ಮಾಡಿದವನಿಗೂ ಅದೇ ಸ್ನಾನ. ಕೌಟಿಲ್ಯನು ದಂಡಗಳಲ್ಲಿ ಕೆಳಗಿನ ದರ್ಜೆಯದಾದ ಪ್ರಥಮ ಸಾಹಸದಂಡವನ್ನು ಹೇಳಿರುವನು. ಕನ್ಯೆಯನ್ನು ಕೆಡಿಸಿದ ಸ್ತ್ರೀಗೆ ಮಾತ್ರ ಮನುವು ಬೆರಳು ಕತ್ತರಿಸುವವರೆಗೂ ಕ್ರೂರವಾದ ಶಿಕ್ಷೆಯನ್ನು ವಿಧಿಸಿರುವುದನ್ನು ನಾವು ಮರೆಮಾಚಲಾಗದು. ಒಟ್ಟಿನಲ್ಲಿ, ಪ್ರಾಚೀನರಿಗೆ ಇದು ತಿಳಿದಿದ್ದ ವಿಷಯ; ಕೆಲವರು ಆಕ್ಷೇಪಿಸಿದರು, ಕೆಲವರು ವರ್ಣಿಸಿದರು. ಪರದೇಶದಿಂದ ಬಂದ ವಸ್ತುವಿಗೆ ನಮ್ಮ ಕೋಶದಲ್ಲಿ ಹೆಸರು ಎಲ್ಲಿಂದ ಬರಬೇಕು?

ಹಾಗಾದರೆ ಪರದೇಶದಿಂದ ಬಂದುದು ಯಾವುದು? ಶಿಕ್ಷೆಯ ಕಾನೂನು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1533ರಲ್ಲಿ, ಇದಕ್ಕೆ ಮರಣದಂಡನೆಯನ್ನು ವಿಧಿಸುವ ಶಾಸನವಾಯಿತು. ಆ ಮರಣದಂಡನೆಯು 1861ರವರೆಗೂ ಅಲ್ಲಿಯ ಶಾಸನದಲ್ಲಿ ಉಳಿದಿದ್ದಿತು. ಅದೇ ಭಾವನೆಯುಳ್ಳ ಇಂಗ್ಲಿಷರು ಮೆಕಾಲೆಯ ಮುಂದಾಳುತನದಲ್ಲಿ ನಮಗೆ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದರು. 1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಆ ಸಂಹಿತೆಯ 377ನೆಯ ಕಲಮು, ಪ್ರಕೃತಿಕ್ರಮಕ್ಕೆ ವಿರುದ್ಧವಾದ ಸಂಗಕ್ಕೆ ಆಜೀವ ಶಿಕ್ಷೆಯವರೆಗೂ ದಂಡನೆಯನ್ನು ವಿಧಿಸಿತು. ಇಂಗ್ಲೆಂಡಾದರೋ, ಇಪ್ಪತ್ತೊಂದು ವರ್ಷ ತುಂಬಿದ ಪುರುಷರ ಖಾಸಗಿ ಸಂಬಂಧವು ಅಪರಾಧವಲ್ಲವೆಂದು 1967ರಲ್ಲಿ ತನ್ನ ಕಾನೂನನ್ನು ತಿದ್ದಿಕೊಂಡಿತು. ಅವರು ಬಿಟ್ಟುಹೋದ ಕಲಮನ್ನು ನಾವು ಇನ್ನೂ ಐವತ್ತೊಂದು ವರ್ಷ ನಮ್ಮದೇ ಧರ್ಮವೆಂಬಂತೆ ಕಾಪಾಡಿಕೊಂಡು ಬಂದೆವು.

ಅದು ಹೋದ ಬಗೆಯನ್ನೂ ಸಂಕ್ಷೇಪವಾಗಿ ತಿಳಿಯತಕ್ಕದ್ದು. ನಾಜ್ ಫೌಂಡೇಷನ್ ಎಂಬ ಸಂಸ್ಥೆಯು 2001ರಲ್ಲಿ ದೆಹಲಿಯ ಹೈಕೋರ್ಟಿನ ಮೆಟ್ಟಿಲೇರಿತು. ವಯಸ್ಕರಿಬ್ಬರು ಒಪ್ಪಿ ಏಕಾಂತದಲ್ಲಿ ನಡೆದುಕೊಳ್ಳುವುದು ಅಪರಾಧವಲ್ಲವೆಂದು ಆ ಕೋರ್ಟು 2009ರ ಜುಲೈ 2ರಂದು ತೀರ್ಪಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು, ಇವರ ಸಂಖ್ಯೆ ಅತ್ಯಲ್ಪವೆಂಬ ಮಾತನ್ನೂ ಸೇರಿಸಿ, ಆ ತೀರ್ಪನ್ನು ತಳ್ಳಿಹಾಕಿದರು. ಇಲ್ಲಿ ನಮ್ಮ ನಾಡಿನವರೊಬ್ಬರ ಹೆಸರು ಬರುವುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ ಆಧಾರ್ ಗುರುತಿನ ವಿಷಯವಾಗಿ 2012ರಲ್ಲಿ ದಾವೆ ಹೂಡಿದ್ದರು. ಆ ದಾವೆಯಿಂದಲೇ ಹುಟ್ಟಿದ ಪ್ರಶ್ನೆಯನ್ನು ಒಂಬತ್ತು ಮಂದಿ ನ್ಯಾಯಾಧೀಶರು ವಿಚಾರಿಸಿ, 2017ರ ಆಗಸ್ಟ್ 24ರಂದು, ಖಾಸಗಿ ಬದುಕು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದೂ, ಯಾರಲ್ಲಿ ಅನುರಾಗವೆಂಬುದು ಅದರ ಅಂಗವೆಂದೂ ಹೇಳಿದರು. ಹಕ್ಕಿಗೆ ತಲೆಯೆಣಿಕೆಯು ಪ್ರಮಾಣವಲ್ಲವೆಂಬುದನ್ನೂ ಸ್ಪಷ್ಟಪಡಿಸಿದರು. ಕಡೆಗೆ, ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರರೂ ಇತರರೂ ಹೂಡಿದ ದಾವೆಯಲ್ಲಿ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರು ಏಕಾಭಿಪ್ರಾಯದಿಂದ, ವಯಸ್ಕರ ಒಪ್ಪಿತ ಸಂಬಂಧಕ್ಕೆ 377ನೆಯ ಕಲಮು ಸಲ್ಲದೆಂದು ನಿರ್ಣಯಿಸಿದರು. ಇವರೂ ಇವರ ಕುಟುಂಬಗಳೂ ಅನುಭವಿಸಿದ ಅವಮಾನಕ್ಕಾಗಿ ಇತಿಹಾಸವೇ ಕ್ಷಮೆ ಬೇಡಬೇಕಾಗಿದೆ ಎಂಬ ಅರ್ಥದ ಮಾತನ್ನು ಅವರಲ್ಲೊಬ್ಬರಾದ ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಅವರು ಬರೆದಿರುವರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

ಕಾನೂನು ಸರಿಹೋದಮೇಲೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಇದಕ್ಕೆ ಒಬ್ಬ ಉಪಾಧ್ಯಾಯರ ಕಥೆಯೇ ಸಾಕ್ಷಿ. ರಾಮಚಂದ್ರ ಸಿರಸ್ ಎಂಬವರು ಅಲೀಗಢದ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿಯ ಪ್ರಾಧ್ಯಾಪಕರಾಗಿದ್ದರು, ಕವಿಗಳು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. 2010ರ ಫೆಬ್ರವರಿಯಲ್ಲಿ ಕೆಲವರು ಕ್ಯಾಮೆರಾ ಹಿಡಿದು ರಾತ್ರಿಯ ವೇಳೆ ಅವರ ಮನೆಯೊಳಕ್ಕೆ ನುಗ್ಗಿ, ಅವರು ಇನ್ನೊಬ್ಬ ಪುರುಷನೊಡನಿದ್ದುದನ್ನು ಚಿತ್ರಿಸಿಕೊಂಡರು. ನುಗ್ಗಿದವರ ಅಪರಾಧವನ್ನು ಮೊದಲು ಕೇಳಬೇಕಾಗಿತ್ತು. ಆದರೆ ಅಮಾನತ್ತಾದವರು ಪ್ರಾಧ್ಯಾಪಕರು. ವಸತಿಗೃಹವನ್ನೂ ಬಿಡಬೇಕಾಯಿತು. ದೆಹಲಿಯ ಹೈಕೋರ್ಟಿನ ತೀರ್ಪು ಆಗಲೇ ಬಂದು ಏಳು ತಿಂಗಳಾಗಿದ್ದಿತು. ಏಪ್ರಿಲ್ ತಿಂಗಳ ಆರಂಭದಲ್ಲಿ ಅಲಹಾಬಾದ್ ಹೈಕೋರ್ಟು ಅವರ ಪರವಾಗಿ, ಅಮಾನತ್ತಿಗೆ ತಡೆಯಾಜ್ಞೆಯಿತ್ತಿತು. ಅದಾದ ಒಂದು ವಾರದೊಳಗೆ, ಏಪ್ರಿಲ್ 7ರಂದು, ಬಾಡಿಗೆಯ ಕೋಣೆಯೊಂದರಲ್ಲಿ ಅವರ ಶವವು ಕಂಡುಬಂದಿತು. ಕೋರ್ಟು ಅವರ ಕೈಬಿಡಲಿಲ್ಲ. ಅಕ್ಕಪಕ್ಕದವರು, ಸಹೋದ್ಯೋಗಿಗಳು, ದಿನವೂ ನಮಸ್ಕರಿಸುತ್ತಿದ್ದವರು ಕೈಬಿಟ್ಟರು. ಸೆರೆಮನೆಯ ಬಾಗಿಲನ್ನು ನ್ಯಾಯಾಲಯವು ತೆರೆಯಬಲ್ಲದು. ಮನೆಯ ಬಾಗಿಲಿನ ಅಗಣಿಯನ್ನು ತೆಗೆಯತಕ್ಕವರು ಒಳಗಿರುವವರೇ.

ಆದುದರಿಂದ ಮೂರನೆಯ ಆಕ್ಷೇಪವೇ, ಎಂದರೆ ಮನೆತನದ ಮರ್ಯಾದೆಯ ಪ್ರಶ್ನೆಯೇ, ನಿಜವಾಗಿ ಮುಖ್ಯವಾದುದು. ಮಗನ ಸ್ವಭಾವವು ಹೀಗೆಂದು ತಿಳಿದೊಡನೆ ಅನೇಕ ತಂದೆತಾಯಿಗಳು ಮಾಡುವ ಮೊದಲ ಕೆಲಸವೆಂದರೆ ಹೆಣ್ಣು ಹುಡುಕುವುದು. “ಮದುವೆ ಮಾಡಿದರೆ ಎಲ್ಲವೂ ಸರಿಹೋಗುವುದು” ಎಂಬುದು ನಮ್ಮ ಮನೆಗಳಲ್ಲಿ ಸರ್ವರೋಗನಿವಾರಕ ಮಂತ್ರವಷ್ಟೆ.

ನನ್ನಲ್ಲಿ ಓದಿದ ಒಬ್ಬ ಶಿಷ್ಯನಿರುವನು. ಹೆಸರು, ಊರುಗಳು ಬೇಡ. ಅವನು ತನ್ನ ಸ್ವಭಾವವನ್ನು ಮನೆಯಲ್ಲಿ ಹೇಳಿಕೊಂಡ ಒಂದು ತಿಂಗಳೊಳಗೆ ಹೆಣ್ಣು ಗೊತ್ತಾಗಿ, ಲಗ್ನಪತ್ರಿಕೆಯ ಮಾತು ನಡೆಯುತ್ತಿದ್ದಿತು. ಅವನ ಕೋರಿಕೆಯ ಮೇಲೆ ನಾನು ಹೋಗಿ ಅವನ ತಂದೆಯನ್ನು ಕಂಡೆನು.

“ಮೇಷ್ಟ್ರೇ, ನಿಮಗೆ ತಿಳಿಯದ್ದೇನಿದೆ? ಒಂದು ಮಗುವಾದರೆ ಹುಡುಗನ ಮನಸ್ಸು ತಾನೇ ತಿರುಗುತ್ತೆ. ಹೆಣ್ಣಿನವರಿಗೂ ಮಾತು ಕೊಟ್ಟಾಗಿದೆ” ಎಂದರು.

“ಹೆಣ್ಣಿನವರಿಗೆ ವಿಷಯ ತಿಳಿಸಿದ್ದೀರಾ ರಾಯರೇ?” ಎಂದೆ.

“ಇದನ್ನೆಲ್ಲ ಯಾರಾದರೂ ಹೇಳಿಕೊಳ್ಳುತ್ತಾರೆಯೇ?”

“ಹುಡುಗನಿಗೆ ಕ್ಷಯವಿದ್ದು ಅದನ್ನು ಮುಚ್ಚಿಟ್ಟು ನಿಮ್ಮ ಮಗಳಿಗೆ ತಂದುಕೊಂಡಿದ್ದರೆ ನೀವು ಅದನ್ನು ಮೋಸ ಎನ್ನುತ್ತಿದ್ದಿರಿ. ಇದು ರೋಗವಲ್ಲ, ನಿಜ. ಆದರೆ ಆ ಹುಡುಗಿಗೆ ಗಂಡನ ಮನಸ್ಸು ಎಂದೆಂದಿಗೂ ದೊರೆಯುವುದಿಲ್ಲವೆಂಬುದನ್ನು ಮುಚ್ಚಿಟ್ಟರೆ ಅದು ಮೋಸವಲ್ಲವೇ?”

ರಾಯರು ಸುಮ್ಮನಾದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಆತನ ಹೆಂಡತಿ ಸೆರಗಿನಿಂದ ಕೈಯೊರೆಸಿಕೊಳ್ಳುತ್ತ ಮುಂದೆ ಬಂದು, “ಆ ಹುಡುಗಿಯೂ ಒಬ್ಬ ತಾಯಿಯ ಮಗಳೇ. ನಾನು ಇದಕ್ಕೆ ಒಪ್ಪುವುದಿಲ್ಲ. ನಾಳೆಯೇ ಅವರಿಗೆ ಹೇಳಿಕಳಿಸಿ” ಎಂದರು. ಆ ಮಾತು ನನ್ನ ಎಲ್ಲ ತರ್ಕಕ್ಕಿಂತ ಮೇಲಾದುದು. ಸಂಬಂಧವು ನಿಂತಿತು. ತಂದೆಯು ಮಗನೊಡನೆ ಬಹುಕಾಲ ಮಾತನಾಡಲಿಲ್ಲ. ಈಗ ಮಗನು ತನ್ನ ಸಂಗಾತಿಯೊಡನೆ ದೀಪಾವಳಿಗೆ ಬರುವನು. ಇಬ್ಬರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕುವರು. ಬಂದವರಿಗೆ ತಂದೆಯು ಆತನನ್ನು ಇನ್ನೂ ‘ಮಗನ ಸ್ನೇಹಿತ’ನೆಂದೇ ಪರಿಚಯಿಸುವರಂತೆ. ಇರಲಿ, ನಡೆದು ಬಂದ ದೂರವೇನೂ ಸಣ್ಣದಲ್ಲ.

ಈ ಪ್ರಸಂಗದಲ್ಲಿ ವಾಚಕರು ನೋಡಬೇಕಾದುದು ಇದು: ಬಲವಂತದ ಮದುವೆಯಿಂದ ಕೆಡುವುದು ಒಂದು ಬಾಳಲ್ಲ, ಎರಡು. ಮೊದಲ ರಾತ್ರಿಯಿಂದಲೇ ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಕೊರಗುವ ಹೆಣ್ಣುಮಗಳ ದುಃಖವನ್ನು ಯಾವ ವೃತ್ತಪತ್ರಿಕೆಯೂ ಬರೆಯುವುದಿಲ್ಲ. ಸಲಿಂಗಪ್ರೇಮಿಯಾದ ಮಗಳ ಪಾಡಾದರೋ ಇನ್ನೂ ಕಷ್ಟತರವಾದುದು. ಗಂಡಾದವನು ಉದ್ಯೋಗವೆಂದು ದೂರದ ಊರಿಗೆ ಹೋಗಿ ತಪ್ಪಿಸಿಕೊಳ್ಳಬಲ್ಲನು. ಹೆಣ್ಣಾದವಳನ್ನು ಓದು ಬಿಡಿಸಿ, ದೂರವಾಣಿಯನ್ನು ಕಿತ್ತುಕೊಂಡು, ಕೋಣೆಯಲ್ಲಿ ಕೂಡಿಹಾಕಿ ತಾಳಿ ಕಟ್ಟಿಸುವುದುಂಟು. ಮರ್ಯಾದೆಯನ್ನು ಕಾಪಾಡುವುದೆಂದರೆ ಇದೇ ಆದರೆ, ಆ ಮರ್ಯಾದೆಯ ಬೆಲೆಯನ್ನು ತೆರುವವಳು ಯಾರೆಂಬುದನ್ನು ಯೋಚಿಸಬೇಕು.

ಹಿರಿಯರಾದವರು ಈ ವಯಸ್ಸಿನಲ್ಲಿ ಹೊಸದಾಗಿ ಏನನ್ನು ಕಲಿಯುವುದೆಂದು ಕೆಲವರು ಕೇಳುವರು. ಅದಕ್ಕೆ ಮದರಾಸಿನ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶರ ನಿದರ್ಶನವುಂಟು. ಮಧುರೆಯ ಇಬ್ಬರು ಯುವತಿಯರು ಮನೆಯವರ ವಿರೋಧದಿಂದ ಚೆನ್ನೈಗೆ ಬಂದು ರಕ್ಷಣೆ ಬೇಡಿದ ವ್ಯಾಜ್ಯವು 2021ರಲ್ಲಿ ಅವರ ಮುಂದೆ ಬಂದಿತು. ಈ ವಿಷಯವು ತಮಗೆ ಚೆನ್ನಾಗಿ ತಿಳಿಯದೆಂದು ನ್ಯಾಯಮೂರ್ತಿಗಳು ಬಹಿರಂಗವಾಗಿಯೇ ಹೇಳಿ, ಮನಶ್ಶಾಸ್ತ್ರಜ್ಞರೊಬ್ಬರ ಬಳಿ ತಾವೇ ವಿದ್ಯಾರ್ಥಿಯಂತೆ ಕುಳಿತು ತಿಳಿದುಕೊಂಡು, ಅನಂತರ ಜೂನ್ 7ರಂದು ಆಜ್ಞೆ ಹೊರಡಿಸಿದರು. ಯುವತಿಯರ ತಂದೆತಾಯಿಗಳನ್ನೂ ಅವರು ಗದರಿಸಲಿಲ್ಲ. ಅವರಿಗೂ ತಿಳಿಯಹೇಳುವ ಏರ್ಪಾಡು ಮಾಡಿದರು. ನ್ಯಾಯಪೀಠದ ಮೇಲೆ ಕುಳಿತವರು ಕಲಿಯಲು ಕೆಳಗಿಳಿಯಬಹುದಾದರೆ, ಜಗುಲಿಯ ಮೇಲೆ ಕುಳಿತ ನಮಗೆ ಸಂಕೋಚವೇಕೆ? ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2025ರ ಮೇ ತಿಂಗಳಿನಲ್ಲಿ, ಮನೆಯವರು ಕೂಡಿಹಾಕಿದ್ದ ಇಪ್ಪತ್ತೈದು ವರ್ಷದ ಯುವತಿಯೊಬ್ಬಳನ್ನು ಬಿಡಿಸಿ ಅವಳ ಸಂಗಾತಿಯೊಡನೆ ಕಳುಹಿಸುತ್ತ, ಕುಟುಂಬವು ರೂಪುಗೊಳ್ಳಲು ಮದುವೆಯೊಂದೇ ಮಾರ್ಗವಲ್ಲವೆಂದು ಹೇಳಿದರು.

ಕಲಿಯಲು ಪುಸ್ತಕಗಳೂ ಉಂಟು. ನಮ್ಮ ನಾಟಕ, ಚಲಚ್ಚಿತ್ರಗಳಲ್ಲಿ ಇಂತಹವರು ಬಹುಕಾಲ ಬಂದುದು ನಗೆಗೆ ಮಾತ್ರ: ಬಳುಕುವ ನಡಿಗೆ, ವಕ್ರವಾದ ಮಾತು, ಸಭೆಯಿಂದ ಕೇಕೆ. ಆ ಸಭೆಯಲ್ಲಿ ಕುಳಿತು ತನ್ನ ಗುಟ್ಟು ಹೊರಬೀಳದಿರಲೆಂದು ತಾನೂ ನಕ್ಕ ಹುಡುಗನ ಮನಸ್ಸನ್ನು ಕನ್ನಡಕ್ಕೆ ತಂದುಕೊಟ್ಟವರು ಸಂಡೂರಿನ ವಸುಧೇಂದ್ರರು. ಅವರ ‘ಮೋಹನಸ್ವಾಮಿ’ ಎಂಬ ಕಥಾಸಂಕಲನವು 2013ರಲ್ಲಿ, ಎಂದರೆ ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿದ ವರ್ಷದಲ್ಲಿಯೇ, ಪ್ರಕಟವಾಯಿತು. 2016ರಲ್ಲಿ ಇಂಗ್ಲಿಷಿಗೂ ಹೋಯಿತು. ತಾವೂ ಅಂತಹವರೇ ಎಂದು ಅವರು ಮರೆಮಾಚದೆ ಹೇಳಿರುವರು. ಮೋಹನಸ್ವಾಮಿಯು ನಗೆಗೀಡಾಗುವ ಪಾತ್ರವೂ ಅಲ್ಲ, ಮೇಲ್ಪಂಕ್ತಿಯ ಮಹಾಪುರುಷನೂ ಅಲ್ಲ. ಅಡುಗೆ ಮಾಡಿ, ಬಾಡಿಗೆ ಕೊಟ್ಟು, ಪ್ರೀತಿಸಿ, ಅವಮಾನವುಂಡು ಬದುಕುವ ನಮ್ಮ ನಿಮ್ಮಂತಹ ಮನುಷ್ಯ. ಮನೆಯಲ್ಲಿ ಬೆಳೆದ ಮಕ್ಕಳಿರುವವರು ಆ ಪುಸ್ತಕವನ್ನು ಓದುವುದು ಒಳ್ಳೆಯದು.

ಇನ್ನು ವ್ಯವಹಾರದ ಮಾತು. ಗೃಹಸ್ಥರಿಗೆ ಇದೂ ಬೇಕಾದುದೇ. ಸಲಿಂಗಪ್ರೇಮಿಗಳ ವಿವಾಹವನ್ನು ನಮ್ಮ ದೇಶದ ಕಾನೂನು ಮಾನ್ಯ ಮಾಡಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು, ವಿವಾಹವು ಮೂಲಭೂತ ಹಕ್ಕಲ್ಲವೆಂದೂ, ಹೊಸ ಕಾನೂನು ಮಾಡುವುದು ಶಾಸನಸಭೆಗಳಿಗೆ ಸೇರಿದುದೆಂದೂ ಹೇಳಿದರು; ಪುನರ್ವಿಮರ್ಶೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ತೈವಾನಿನಲ್ಲಿ 2019ರಿಂದಲೂ ಥೈಲೆಂಡಿನಲ್ಲಿ 2025ರಿಂದಲೂ ಇಂತಹ ವಿವಾಹಕ್ಕೆ ಕಾನೂನಿನ ಮನ್ನಣೆಯುಂಟು. ನೆರೆಯ ನೇಪಾಳದಲ್ಲಿ 2023ರಲ್ಲಿ ಮೊದಲ ನೋಂದಣಿಯಾಯಿತು. ನಮ್ಮಲ್ಲಿ ಸದ್ಯಕ್ಕೆ ದೊರೆತಿರುವುದು ಸಣ್ಣಪುಟ್ಟ ಅನುಕೂಲಗಳು. ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲೂ ಒಬ್ಬರನ್ನೊಬ್ಬರು ನಾಮಿನಿಯಾಗಿ ಹೆಸರಿಸಲೂ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆಯು 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕೆಂದೂ ಅದೇ ವರ್ಷ ರಾಜ್ಯಗಳಿಗೆ ಸೂಚನೆ ಹೋಯಿತು.

ಆದರೆ ನಾಮಿನಿಯಾದ ಮಾತ್ರಕ್ಕೆ ಹಣದ ಒಡೆತನವು ಬರುವುದಿಲ್ಲ. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದ ಸಂಗಾತಿಯು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಕಣ್ಣಿಗೆ ಅಪರಿಚಿತನಷ್ಟೆ. ಅಂತ್ಯಕ್ರಿಯೆಯ ಮರುದಿನವೇ ದೂರದ ದಾಯಾದಿಯು ಬಂದು ಮನೆಯ ಬೀಗದ ಕೈ ಕೇಳಬಹುದು. ಆದುದರಿಂದ ಅಂತಹವರು ಸ್ವಾರ್ಜಿತ ಆಸ್ತಿಗೆ ಇಬ್ಬರು ಸಾಕ್ಷಿಗಳ ರುಜುವಿನೊಡನೆ ಉಯಿಲು ಬರೆದಿಡುವುದು ಅತ್ಯಾವಶ್ಯಕ. ನೋಂದಣಿಯು ಕಡ್ಡಾಯವಲ್ಲವಾದರೂ ಮಾಡಿಸುವುದು ಕ್ಷೇಮ. ಮಗನಿಗೋ ಮಗಳಿಗೋ ಇಂತಹ ಸಂಗಾತಿಯಿದ್ದರೆ, ಉಯಿಲು ಬರೆಯುವಂತೆ ತಂದೆತಾಯಿಗಳೇ ಹೇಳಿದಲ್ಲಿ ಅದಕ್ಕಿಂತ ದೊಡ್ಡ ಆಶೀರ್ವಾದವಿಲ್ಲ.

ಇಷ್ಟನ್ನು ಹೇಳಿ, ಗೃಹಸ್ಥರು ಆಚರಿಸಬಹುದಾದ ಕೆಲವು ನಿಯಮಗಳನ್ನು ಬರೆಯುತ್ತೇನೆ. ಒಂದನೆಯದಾಗಿ, ಮಗುವು ಈ ಮಾತನ್ನು ಹೇಳಿಕೊಂಡಾಗ ಆ ದಿನ ತೀರ್ಪು ಕೊಡಬಾರದು. ಅದು ನಿಮ್ಮಲ್ಲಿ ಹೇಳಿತೆಂಬುದೇ ನಿಮ್ಮ ಮೇಲಿಟ್ಟ ನಂಬಿಕೆಗೆ ಗುರುತು, “ಊಟ ಮಾಡಿದೆಯಾ?” ಎಂದು ಕೇಳಿದರೂ ಆ ದಿನಕ್ಕೆ ಸಾಕು. ಎರಡನೆಯದಾಗಿ, ಅದರ ಒಪ್ಪಿಗೆಯಿಲ್ಲದೆ ಅಣ್ಣತಮ್ಮಂದಿರಲ್ಲಿಯಾಗಲಿ, ಬೀಗರಲ್ಲಿಯಾಗಲಿ ಗುಟ್ಟನ್ನು ಹೊರಗೆಡಹಬಾರದು. ಮೂರನೆಯದಾಗಿ, ಬಲವಂತದ ಮದುವೆ ಸಲ್ಲದು. ನಾಲ್ಕನೆಯದಾಗಿ, ಗುಣಪಡಿಸುವೆವೆನ್ನುವ ವೈದ್ಯ, ಮಾಂತ್ರಿಕರಿಬ್ಬರನ್ನೂ ಹೊಸ್ತಿಲ ಹೊರಗೆ ನಿಲ್ಲಿಸತಕ್ಕದ್ದು. ಮನಸ್ಸು ಕುಗ್ಗಿದ್ದರೆ ಅರ್ಹರಾದ ಮನೋವೈದ್ಯರ ಸಲಹೆ ಪಡೆಯಬಹುದು, ಸ್ವಭಾವವನ್ನು ಬದಲಿಸಲಲ್ಲ. ಐದನೆಯದಾಗಿ, ಮನೆ ಬಾಡಿಗೆಗೆ ಕೊಡುವವರು ಬಾಡಿಗೆ ಸಲ್ಲುವುದೇ, ಮನೆ ಚೊಕ್ಕಟವಾಗಿರುವುದೇ ಎಂಬುದನ್ನು ನೋಡಲಿ; ಕೋಣೆಯೊಳಗೆ ಇಣುಕುವುದು ಸಜ್ಜನರ ಕೆಲಸವಲ್ಲ. ಆರನೆಯದಾಗಿ, ಶಾಲೆಯಲ್ಲಿ ಯಾವ ಹುಡುಗನನ್ನಾದರೂ ‘ಹೆಣ್ಣಿಗ’ನೆಂದು ಇತರರು ಹಂಗಿಸಿದರೆ ಉಪಾಧ್ಯಾಯರು ನಗುವವರೊಡನೆ ಸೇರಬಾರದು, ಆ ಮಗುವು ಕಲಿತದ್ದನ್ನೆಲ್ಲ ಮರೆತರೂ ಆ ಹೊತ್ತಿನಲ್ಲಿ ಉಪಾಧ್ಯಾಯರು ಯಾರ ಪಕ್ಕದಲ್ಲಿ ನಿಂತರೆಂಬುದನ್ನು ಮರೆಯುವುದಿಲ್ಲ.

ಇವುಗಳಲ್ಲಿ ಯಾವುದಕ್ಕೂ ಖರ್ಚಿಲ್ಲ, ಯಾವುದಕ್ಕೂ ಸರ್ಕಾರದ ಅಪ್ಪಣೆ ಬೇಕಿಲ್ಲ. ಮತಾಚಾರಗಳನ್ನು ಬಿಡಬೇಕೆಂದೂ ಹೇಳಿಲ್ಲ. ಅತಿಥಿಯನ್ನು ಕುಲಗೋತ್ರ ಕೇಳದೆ ಒಳಗೆ ಕರೆಯಬೇಕೆಂದು ಕಲಿಸಿದ ಧರ್ಮವು, ಹೆತ್ತ ಮಗುವಿಗೆ ಬಾಗಿಲು ಮುಚ್ಚೆಂದು ಹೇಳಿರಲಾರದು. ವಾಚಕರು ಈ ಮಾತುಗಳನ್ನು ಮನೆಯಲ್ಲಿ ಹಿರಿಯರು ಕಿರಿಯರೊಡನೆ ಕುಳಿತು ವಿಚಾರ ಮಾಡಬೇಕೆಂದು ಕೋರಿ ಲೇಖನವನ್ನು ಮುಗಿಸುತ್ತೇನೆ.